ದುರುಗಮ್ಮನ ಗ್ವಾಡಿ

ಭಾನುವಾರ ಬೆಳಿಗ್ಗೆ ಹರಪನಹಳ್ಳಿಯಿಂದ ಬಂದ ಕ್ರಾಂತಿಕುಮಾರ್ ಅಕ್ಕನ ಮನೆಯ ಬಾಗಿಲು ತಳ್ಳಿದಾಗ ಮೊದಲು ಮೂಗಿಗೆ ಬಡಿದದ್ದು ಸಗಣಿಯ ವಾಸನೆ. ಚಪ್ಪಲಿ ಬಿಡುವುದನ್ನೂ ಮರೆತು ಹಿಂದಿನ ಕೋಣೆಗೆ ನಡೆದ. ಅಕ್ಕ ಶಿವಗಂಗಾ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಮೊಣಕೈವರೆಗೂ ಕೆಸರು ಮಾಡಿಕೊಂಡು ಗೋಡೆಗೆ ಮಣ್ಣು ಮೆತ್ತುತ್ತಿದ್ದಳು. ಸಿಮೆಂಟಿನ ಗಿಲಾವನ್ನೆಲ್ಲ ಕಿತ್ತು ಹಾಕಿ ಇಟ್ಟಿಗೆ ಕಾಣುವಂತೆ ಮಾಡಿದ್ದಳು. ಪಕ್ಕದಲ್ಲಿ ಅವರ ಸಣ್ಣವ್ವ ಮಾರೆಮ್ಮ ಕಾಲು ಚಾಚಿ ಕೂತು ಬುಟ್ಟಿಯಲ್ಲಿ ಕೆಮ್ಮಣ್ಣು, ಸಗಣಿ, ಹೊಟ್ಟು ಸೇರಿಸಿ ಕಲಸುತ್ತಿದ್ದಳು.

"ಅಕ್ಕಾ, ಏನಿದು?"

"ಕಾಣವಲ್ದೇನು? ಗ್ವಾಡಿ ಮೆತ್ತಾಕತ್ತೀನಿ."

"ನಲವತ್ತು ವರ್ಷ ಅವ್ವ ಮಂದಿ ಮನಿ ಗ್ವಾಡಿ ಮೆತ್ತಿದ್ಲು. ಆಕಿ ಕೈಯಾಗಿನ ಬುಟ್ಟಿ ಬಿಡಿಸಬೇಕಂತ ನಾವಿಬ್ರೂ ಹಾಸ್ಟೆಲಿನ್ಯಾಗ ಬಿದ್ದು ಓದಿದ್ವಿ. ಈಗ ನೀನ ಆ ಬುಟ್ಟಿ ಎತ್ತಿಕೊಂಡೀಯಲ್ಲ!"

ಶಿವಗಂಗಾ ಕೈ ನಿಲ್ಲಿಸಲಿಲ್ಲ. "ಆಕಿ ಮೆತ್ತಿದ್ದು ಮಂದಿ ಗ್ವಾಡಿ. ಇದು ನನ್ನ ಗ್ವಾಡಿ. ಯಾರೂ ಬಾ ಅಂತ ಕರಿಲಿಲ್ಲ, ಯಾರೂ ಹೋಗು ಅನ್ನಂಗಿಲ್ಲ."

"ಬಾಬಾಸಾಹೇಬರ ಫೋಟೋ ಮುಂದಿನ ಕೋಣ್ಯಾಗ. ಹಿಂದಿನ ಕೋಣ್ಯಾಗ ಸಗಣಿ."

"ಫೋಟೋ ಬೇಕಿದ್ರ ಇಲ್ಲಿಗೂ ಒಂದು ಹಾಕ್ತೀನಿ. ನನಗ ಅವರ ಅಂಜಿಕಿ ಇಲ್ಲ, ನಿಂದೂ ಇಲ್ಲ."

ಕ್ರಾಂತಿ ಕಾಲೇಜಿನಲ್ಲಿ ಪಾಠ ಹೇಳುವವನು. ಮಾತಿಗೆ ಎಂದೂ ತಡಕಾಡಿದವನಲ್ಲ. ಅವತ್ತು ಚಹಾನೂ ಕುಡಿಯದೆ ಹನ್ನೊಂದರ ಬಸ್ಸಿಗೆ ವಾಪಸ್ಸು ಹೋದ.

ಶಿವಗಂಗಾಗೆ ನಲವತ್ತೆರಡು ವರ್ಷ. ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಗಾಜಿನ ಪಟ್ಟಿಯ ಮೇಲೆ ರಕ್ತದ ಹನಿ ಬಿಟ್ಟು, ಅದನ್ನು ಒಂದೇ ಎಳೆತಕ್ಕೆ ತೆಳ್ಳಗೆ ಹರಡುವುದು ಅವಳ ದಿನದ ಕೆಲಸ. ಮದುವೆಯ ಗೊಡವೆಗೆ ಹೋಗಿರಲಿಲ್ಲ. ಸ್ವಂತ ಮನೆ ಕಟ್ಟಿಸಿ, ಹಿರೇಹಡಗಲಿ ಆಚೆಗಿನ ಊರಿನಿಂದ ಅವ್ವ ದುರುಗಮ್ಮನನ್ನೂ ಸಣ್ಣವ್ವ ಮಾರೆಮ್ಮನನ್ನೂ ಕರೆತಂದು ಇಟ್ಟುಕೊಂಡಿದ್ದಳು.

ಹೋದ ವರ್ಷ ಅವ್ವ ಹಾಸಿಗೆ ಹಿಡಿದಳು. ಕೊನೆಯ ಎರಡು ತಿಂಗಳು ಮಾತು ನಿಂತಿತು. ಬಲಗೈ ಮಾತ್ರ ನಿಲ್ಲಲಿಲ್ಲ. ಚಾದರದ ಮೇಲೆ ಅಂಗೈ ಊರಿ ಎಡದಿಂದ ಬಲಕ್ಕೆ ಕಮಾನಿನಂತೆ ಎಳೆಯುವುದು, ತುಸು ಕೆಳಗಿಳಿಯುವುದು, ಮತ್ತೆ ಎಳೆಯುವುದು. ಡಾಕ್ಟರು ಅದಕ್ಕೆ ಯಾವುದೋ ಹೆಸರು ಹೇಳಿದರು. ಮಾರೆಮ್ಮ ನೋಡಿದವಳೇ, "ಅಕ್ಕ ಗ್ವಾಡಿ ಮೆತ್ತಾಕತ್ತಾಳ," ಅಂದಳು.

ಅವ್ವ ತೀರಿಕೊಂಡ ಮೇಲೆ ಶಿವಗಂಗಾಗೆ ಮನೆಯೊಳಗಿನ ಫಿನಾಯಿಲಿನ ವಾಸನೆ ತಡೆಯಲಾಗಲಿಲ್ಲ. ದಿನವಿಡೀ ಆಸ್ಪತ್ರೆಯಲ್ಲಿ ಅದನ್ನೇ ಮೂಸಿದ ಮೂಗು ಮನೆಯಲ್ಲಾದರೂ ಬೇರೇನನ್ನೋ ಕೇಳುತ್ತಿತ್ತು. ಒಂದೊಂದೇ ಬಾಟಲಿ, ಒಂದೊಂದೇ ಡಬ್ಬಿ ಹೊರಗೆ ಹೋಯಿತು. ಬಟ್ಟೆಗೆ ಅಂಟುವಾಳ ಬಂತು, ತಲೆಗೆ ಸೀಗೆಕಾಯಿ, ಪಾತ್ರೆಗೆ ಬೂದಿ, ಅಕ್ಕಿ ಡಬ್ಬಿಗೆ ಬೇವಿನ ಎಲೆ. ಲ್ಯಾಬಿನಲ್ಲಿ ಜೊತೆಗಿದ್ದ ಗೀತಮ್ಮ, "ಈಗ ಪೇಟಿ ಮಂದಿ ಎಲ್ಲಾ ಹಿಂಗ ಮಾಡ್ತಾರಂತ ನೋಡ್ರಿ, ಫ್ಯಾಷನ್ನು," ಎಂದು ನಕ್ಕಾಗ ಶಿವಗಂಗಾ, "ನಮ್ಮವ್ವಗ ಫ್ಯಾಷನ್ ಗೊತ್ತಿರಲಿಲ್ಲ," ಎಂದಷ್ಟೇ ಹೇಳಿದಳು.

ಜಲವರ್ಣ ಕಲಿಯಲು ಹೊರಟದ್ದೂ ಆ ದಿನಗಳಲ್ಲೇ. ಕೊಟ್ಟೂರಿನಲ್ಲಿ ಗವಿಸಿದ್ದೇಶ್ ಎಂಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ತಮ್ಮ ಮನೆಯ ಮಹಡಿಯಲ್ಲಿ ಭಾನುವಾರ ದೊಡ್ಡವರಿಗೆ ಚಿತ್ರ ಕಲಿಸುತ್ತಾರೆಂದು ಯಾರೋ ಹೇಳಿದ್ದರು. ಭಾನುವಾರ ಮನೆಯಲ್ಲಿ ಅವ್ವನ ಖಾಲಿ ಮಂಚದ ಎದುರು ಕೂರುವುದಕ್ಕಿಂತ ವಾಸಿ ಎಂದುಕೊಂಡು ಮಧ್ಯಾಹ್ನದ ಬಸ್ಸು ಹತ್ತಿದಳು.

ಮೊದಲ ದಿನ ಮೇಷ್ಟ್ರು ಒಂದು ಮಾದರಿ ಕೊಟ್ಟರು. ಹಸಿರು ಗುಡ್ಡ, ಅದರ ಬುಡದಲ್ಲಿ ಕೆರೆ, ಒಂದು ತೆಂಗಿನ ಮರ, ಒಂದು ಗುಡಿಸಲು.

"ಇದು ಯಾವೂರು ಸಾರ್?"

"ಯಾವೂರೂ ಅಲ್ಲಮ್ಮ. ನಿಸರ್ಗ ದೃಶ್ಯ."

"ಯಾವೂರೂ ಅಲ್ಲ ಅಂದ್ರ ಈ ಗುಡಿಸಲಾಗ ಯಾರಿರ್ತಾರ ಸಾರ್?"

ಉಳಿದವರು ನಕ್ಕರು. ಮೇಷ್ಟ್ರು ನಗಲಿಲ್ಲ. ಗದರುವ ಸ್ವಭಾವದ ಮನುಷ್ಯ, ಆದರೆ ಪ್ರಶ್ನೆ ಕೇಳಿದವರನ್ನು ಗುರುತಿಟ್ಟುಕೊಳ್ಳುವವರು. "ಮೊದ್ಲು ಬಣ್ಣ ಹಿಡಿಯೋದು ಕಲೀರಿ. ಆಮ್ಯಾಲೆ ನಿಮ್ಮೂರು ಬರೀರಿ," ಅಂದರು.

ಬಣ್ಣ ಹಿಡಿಯುವುದು ಸುಲಭವಿರಲಿಲ್ಲ. ಆಕಾಶವನ್ನು ಕುಂಚದಲ್ಲಿ ಒಂದೇ ಸಮನೆ ಎಳೆಯಬೇಕು, ಗೆರೆ ಉಳಿಯಬಾರದು. ಶಿವಗಂಗಾ ಎಳೆದದ್ದೆಲ್ಲ ಪಟ್ಟೆ ಪಟ್ಟೆ. ಲ್ಯಾಬಿನ ಅಭ್ಯಾಸದಂತೆ ಬೆರಳ ತುದಿಯಿಂದ ಎಳೆಯುತ್ತಿದ್ದಳು. ಮೂರನೇ ವಾರ ಸಿಟ್ಟು ಬಂದು ಎದ್ದು ನಿಂತು, ಹಲಗೆಯನ್ನು ಓರೆ ಮಾಡಿ, ಕುಂಚದ ತುಂಬ ನೀಲಿ ತುಂಬಿಕೊಂಡು ಭುಜದಿಂದ ಕೈ ಬೀಸಿದಳು. ಎಡದಿಂದ ಬಲಕ್ಕೆ, ತುಸು ಕೆಳಗೆ, ಮತ್ತೆ ಎಡದಿಂದ ಬಲಕ್ಕೆ. ನೀಲಿ ಒಂದೇ ಹಾಳೆಯಾಗಿ ಇಳಿಯಿತು. ಇದು ಚಾದರದ ಮೇಲೆ ಅವ್ವ ಎಳೆಯುತ್ತಿದ್ದ ಕಮಾನು ಎಂದು ಅವಳಿಗೆ ತಿಳಿದದ್ದು ಎಳೆದು ಮುಗಿಸಿದ ಮೇಲೆ. ಕುಂಚ ಕೆಳಗಿಟ್ಟು ಮಹಡಿಯ ಮೂಲೆಗೆ ಹೋಗಿ ಸ್ವಲ್ಪ ಹೊತ್ತು ಬೀದಿ ನೋಡುತ್ತ ನಿಂತಳು. ಮರುವಾರವೇ ಮಾರೆಮ್ಮನನ್ನು ಕೂರಿಸಿಕೊಂಡು ಹಿಂದಿನ ಕೋಣೆಯ ಗೋಡೆ ಕೀಳತೊಡಗಿದಳು.

ಕೂಡ್ಲಿಗಿ ಕಡೆಯಿಂದ ತರಿಸಿದ್ದ ಕೆಮ್ಮಣ್ಣು ಬುಟ್ಟಿಯಲ್ಲಿ ಮಿಕ್ಕಿತ್ತು. ಅದನ್ನು ನೀರಿನಲ್ಲಿ ಕದಡಿ, ಮೇಲಿನ ನೀರು ಬಸಿದು, ತಳದಲ್ಲಿ ನಿಂತ ನುಣುಪು ಮಣ್ಣನ್ನು ಒಣಗಿಸಿ ಅರೆದಳು. ಜಾಲಿಮರದ ಅಂಟು ನೆನೆಸಿ ಅದಕ್ಕೆ ಬೆರೆಸಿದಳು. ಹಡಗಲಿ ಕಡೆಯ ಎರೆಮಣ್ಣಿನಿಂದ ಹಾಗೆಯೇ ಕಪ್ಪು ಮಾಡಿದಳು. ಮೇಷ್ಟ್ರು ಆ ಬಣ್ಣವನ್ನು ಕಾಗದದ ಮೇಲೆ ಎಳೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಅಂಗಡ್ಯಾಗಿನ ಟ್ಯೂಬಿನ್ಯಾಗೂ ಇರೋದು ಹಿಂಥಾದ್ದ ಅಂಟು. ಯಾರು ಹೇಳಿಕೊಟ್ರು?" ಎಂದು ಕೇಳಿದರು.

"ನಮ್ಮವ್ವ ದುರುಗಮ್ಮ ಗ್ವಾಡಿ ಮ್ಯಾಲೆ ಚಿತ್ತಾರ ಬರಿಯುವಾಗ ಜಾಲಿ ಅಂಟ ಹಾಕ್ತಿದ್ಲು ಸಾರ್. ಮಳಿ ಬಂದ್ರ ಅಳಿಸಿ ಹೋಗಬಾರದಂತ."

ಈ ಮಾತು ಪಕ್ಕದಲ್ಲಿ ಕೂತು ಚಿತ್ರ ಕಲಿಯುತ್ತಿದ್ದ ಸೋಮಶೇಖರ್ ಕಿವಿಗೆ ಬಿತ್ತು. ಕೊಟ್ಟೂರಿನಲ್ಲಿ ಬೀಜ, ಗೊಬ್ಬರದ ವ್ಯಾಪಾರ ಮಾಡುವ ಐವತ್ತರ ಮನುಷ್ಯ. ಊರು ಶಿವಗಂಗಾಳದ್ದೇ, ಅಲ್ಲಿಯ ದೊಡ್ಡ ಮನೆಯ ಗುರುಸಂಗಪ್ಪನವರ ಮಗ. ತನ್ನ ಹೊಲದಲ್ಲಿ ಸಿಮೆಂಟಿಲ್ಲದೆ ಬರೀ ಮಣ್ಣಿನ ಮನೆ ಕಟ್ಟಿಸುತ್ತಿದ್ದೇನೆಂದು ತರಗತಿಯಲ್ಲಿ ಎಲ್ಲರಿಗೂ ಫೋಟೋ ತೋರಿಸಿದ್ದ.

"ಮೇಡಂ, ನೀವು ನಮ್ಮೂರಿನ ದುರುಗಮ್ಮನ ಮಗಳಾ? ಅಯ್ಯೋ, ಆಕಿ ನಮ್ಮ ಮನಿ ಗ್ವಾಡಿ ಮೆತ್ತಿದ್ದು ನನಗ ನೆನಪೈತಿ. ಕನ್ನಡಿ ಇದ್ದಂಗ ಮಾಡ್ತಿದ್ಲು! ಈಗ ಅಂಥ ಕೈ ಯಾರಿಗೂ ಇಲ್ಲ ನೋಡ್ರಿ. ನಮ್ಮ ಹೊಸ ಮನಿಗೆ ನೀವೊಂದೆರಡು ದಿನ ಬರಬೇಕು. ಪಡಸಾಲಿ ಗ್ವಾಡಿ ನಿಮ್ಮ ಕೈಲೆ ಆಗ್ಲಿ. ಮನಿ ಒಕ್ಕಲಿನ ದಿನ ಶಾಲು ಹೊದಿಸಿ ಸನ್ಮಾನ ಮಾಡ್ತೀನಿ."

ಅವನ ದನಿಯಲ್ಲಿ ಕೆಡುಕಿರಲಿಲ್ಲ. ನಿಜವಾಗಿಯೂ ಸಂತೋಷಪಟ್ಟಿದ್ದ. ಅದೇ ಶಿವಗಂಗಾಳನ್ನು ಹೆಚ್ಚು ಚುಚ್ಚಿತು. ತನ್ನನ್ನು 'ನೀವು' ಎಂದವನ ಬಾಯಲ್ಲಿ ಅವ್ವ ಮಾತ್ರ ಇನ್ನೂ 'ಆಕಿ'ಯಾಗಿಯೇ ಉಳಿದಿದ್ದಳು.

"ಇಲ್ಲರಿ. ನಾ ಬರಂಗಿಲ್ಲ."

"ಯಾಕ್ರೀ? ರಜಾ ಸಿಗಂಗಿಲ್ಲೇನು?"

"ರಜಾ ಸಿಗ್ತೈತಿ. ನಾ ಬರಂಗಿಲ್ಲ."

ಅವಳು ಆವತ್ತು ಬರೆಯುತ್ತಿದ್ದದ್ದು ಒಂದು ಹಾಳು ಗೋಡೆ. ಮನಸ್ಸು ಅಲ್ಲಿರಲಿಲ್ಲ. ಕೆಮ್ಮಣ್ಣಿನ ಬಣ್ಣ ಅರೆ ಒಣಗಿದ್ದಾಗ ಕುಂಚದಿಂದ ನೀರಿನ ಹನಿಗಳು ಅದರ ಮೇಲೆ ಉದುರಿದವು. ಹನಿ ಬಿದ್ದಲ್ಲೆಲ್ಲ ಬಣ್ಣ ಸರಿದು ಬಿಳಿಚಿ, ಅಂಚು ಗಟ್ಟಿಯಾಗಿ, ದುಂಡನೆಯ ಕಲೆಗಳಾದವು. ಮೇಷ್ಟ್ರು ಬಗ್ಗಿ ನೋಡಿದರು. "ಕೆಟ್ಟಿತಲ್ಲಮ್ಮ. ಅರ್ಧ ಆರಿದ ಬಣ್ಣದ ಮ್ಯಾಲೆ ನೀರು ಬೀಳಿಸಬಾರದು. ಕಲಿ ಹೋಗಂಗಿಲ್ಲ."

ಶಿವಗಂಗಾ ಆ ಕಲೆಗಳನ್ನೇ ನೋಡುತ್ತ ಕೂತಳು.

ಅವಳಿಗಾಗ ಎಂಟು ವರ್ಷ. ಅವ್ವನ ಜೊತೆ ಮಣ್ಣು ತುಳಿಯಲು, ನೀರು ಹೊರಲು ಗುರುಸಂಗಪ್ಪನವರ ಮನೆಗೆ ಹೋಗುತ್ತಿದ್ದಳು. ಅವ್ವ ಹೊರಗಿನ ಗೋಡೆ, ಅಂಗಳ, ದನದ ಕೊಟ್ಟಿಗೆ ಮೆತ್ತುತ್ತಿದ್ದಳು. ಹೊಸ್ತಿಲಿನಿಂದ ಒಳಗಿನದನ್ನು ಮನೆಯ ಹೆಂಗಸರೇ ಮಾಡಿಕೊಳ್ಳುತ್ತಿದ್ದರು. ಕೆಲಸ ಮುಗಿದು ಇವರು ರಸ್ತೆಗೆ ಇಳಿದ ಮೇಲೆ ಮನೆಯೊಡತಿ ತಂಬಿಗೆ ಹಿಡಿದು ಹೊರಬಂದು ಮೆತ್ತಿದ ಗೋಡೆಯ ಮೇಲೆಲ್ಲ ನೀರು ಚಿಮುಕಿಸುತ್ತಿದ್ದಳು. ಅವ್ವ ಮುಟ್ಟಿದ ಗೋಡೆ ಮಡಿಯಾಗಬೇಕಿತ್ತು. ಅರೆ ಒಣಗಿದ ನುಣುಪು ಗೋಡೆಯ ತುಂಬ ಹನಿಹನಿ ಕಲೆ ಬೀಳುತ್ತಿತ್ತು. ಅವ್ವ ತಿರುವಿನಲ್ಲಿ ನಿಂತು ನೋಡಿ, "ನೋಡವಾ, ಹೆಂಗ ಕೆಡಿಸಿದ್ರು ಕೈಗೆಲಸಾನ," ಅನ್ನುತ್ತಿದ್ದಳು. ಪ್ರತಿ ಸಲವೂ ಅದೊಂದೇ ಮಾತು. ಮುಂದಿನ ವರ್ಷ ಮತ್ತೆ ಅದೇ ಗೋಡೆಯನ್ನು ಕನ್ನಡಿಯಂತೆ ಮಾಡಿ ಬರುತ್ತಿದ್ದಳು.

ಶಿವಗಂಗಾ ಕೆಟ್ಟುಹೋದ ಹಾಳೆಯನ್ನು ಹರಿಯದೆ ಚೀಲಕ್ಕೆ ಹಾಕಿಕೊಂಡಳು.

ಮೇಷ್ಟ್ರು ಒಮ್ಮೆ ಎಲ್ಲರನ್ನೂ ಮಾಗಳಕ್ಕೆ, ತುಂಗಭದ್ರೆಯ ದಂಡೆಗೆ ಕರೆದುಕೊಂಡು ಹೋದರು. ಎದುರಿಗಿದ್ದದ್ದನ್ನು ನೋಡಿ ಬರೆಯುವ ಪಾಠ. ಜಲವರ್ಣದಲ್ಲಿ ಬಿಳಿಯನ್ನು ಹಚ್ಚುವುದಿಲ್ಲ, ಕಾಗದವನ್ನು ಹಾಗೇ ಬಿಡಬೇಕು ಎಂದು ತಿಳಿಸಿದರು. "ಎಲ್ಲಿ ಬಿಡಬೇಕು ಅಂತ ಮೊದಲ ಗಟ್ಟಿ ಮಾಡ್ಕೊಳ್ರಿ. ಆಮ್ಯಾಲೆ ಬಣ್ಣ ಹೊಕ್ಕಿತು ಅಂದ್ರ ಬೆಳಕು ವಾಪಸ್ ಬರಂಗಿಲ್ಲ." ಶಿವಗಂಗಾ ಬರೆದ ಹೊಳೆಯ ಚಿತ್ರವನ್ನು ಎಲ್ಲರೂ ಮೆಚ್ಚಿದರು. ನೀರಿನ ಮೇಲೆ ಬಿಸಿಲು ಬಿದ್ದ ಜಾಗದಲ್ಲಿ ಬರೀ ಕಾಗದ ಉಳಿಸಿದ್ದಳು. ದೀಪಾವಳಿ ಕಳೆದ ಮೇಲೆ ಪ್ರದರ್ಶನ ಮಾಡೋಣ ಎಂದು ಮೇಷ್ಟ್ರು ಹೇಳಿದರು. ಸೋಮಶೇಖರ್ ತನ್ನ ಅಂಗಡಿಯ ಮೇಲಿನ ಹೊಸ ಹಾಲ್ ಕೊಡುತ್ತೇನೆಂದ. ಒಬ್ಬೊಬ್ಬರದು ಎರಡು ಚಿತ್ರ.

ಒಂದು ಚಿತ್ರವಿತ್ತು. ಇನ್ನೊಂದಕ್ಕಾಗಿ ಅವಳು ಒಂದು ಬೆಳಿಗ್ಗೆ ರಜಾ ಹಾಕಿ ತನ್ನ ಊರಿಗೆ ಹೋದಳು. ಗುರುಸಂಗಪ್ಪನವರ ಮನೆಯ ಎದುರು, ರಸ್ತೆಯ ಮಗ್ಗುಲಿಗೆ ಸ್ಟೂಲು ಹಾಕಿ, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಕೂತಳು. ಈಗ ಅಲ್ಲಿ ಸಿಮೆಂಟು, ಗುಲಾಬಿ ಬಣ್ಣ. ಆಕಾಶ, ಹಿಂದಿನ ಬೇವಿನ ಮರ, ರಸ್ತೆಯ ತಿರುವು ಮಾತ್ರ ಅವೇ. ಅವನ್ನು ಕಣ್ಣಿಂದ ಬರೆದಳು, ಗೋಡೆಯನ್ನು ನೆನಪಿನಿಂದ. ಬರುವವರು ಹೋಗುವವರು ನಿಂತು ನೋಡಿದರು. "ಏನ್ ಸರ್ವೇನಾ ಮೇಡಂ?" ಎಂದು ಒಬ್ಬ ಕೇಳಿದ. "ಹೌದು," ಅಂದಳು.

ಹತ್ತರ ಸುಮಾರಿಗೆ ಮನೆಯೊಳಗಿಂದ ಸೋಮಶೇಖರನ ತಾಯಿ ನಾಗಲಿಂಗಮ್ಮ ಹೊರಬಂದಳು. ಎಂಬತ್ತರ ಹತ್ತಿರದ ವಯಸ್ಸು, ಕೋಲು ಹಿಡಿದಿದ್ದಳು. ಸಮೀಪ ಬಂದು, "ಯಾರವ್ವ ನೀನು?" ಅಂದಳು.

"ದುರುಗಮ್ಮನ ಮಗಳು. ಶಿವಗಂಗಾ."

ಮುದುಕಿ ಚಿತ್ರಕ್ಕೆ ಬಗ್ಗಿದಳು. "ನಮ್ಮನಿ ಇದು. ಹಳೀದು." ಇನ್ನೂ ಹತ್ತಿರಕ್ಕೆ ಬಗ್ಗಿ, "ಗ್ವಾಡಿ ತುಂಬ ಇವೇನು ಕಲಿ?"

ಶಿವಗಂಗಾ ಕುಂಚವನ್ನು ನೀರಿನಲ್ಲದ್ದಿ, ಅರೆ ಒಣಗಿದ್ದ ಕೆಂಪಿನ ಮೇಲೆ ಬೆರಳಿನಿಂದ ತಟ್ಟಿದಳು. ಇನ್ನಷ್ಟು ಹನಿಗಳು ಬಿದ್ದವು. "ನೀವು ಚಿಮುಕಿಸಿದ ನೀರವ್ವ."

ನಾಗಲಿಂಗಮ್ಮ ಕೋಲಿನ ಮೇಲೆ ಭಾರ ಬಿಟ್ಟಳು. "ನಮ್ಮತ್ತಿ ಹೇಳ್ತಿದ್ಲು. ನಾ ಚಿಮುಕಿಸ್ತಿದ್ದೆ."

"ನಿಮ್ಮತ್ತಿ ಸತ್ತ ಮ್ಯಾಲೂ ಚಿಮುಕಿಸಿದ್ರಿ. ನಾ ನೋಡೀನಿ."

"ಈಗ ಅದನ್ನ ಬರದು ಏನು ಮಾಡ್ತಿ?"

"ನಾಕು ಮಂದಿ ನೋಡೋಹಂಗ ಇಡ್ತೀನಿ."

ಮುದುಕಿ ತಿರುಗಿದಳು. ಕೋಲೂರುತ್ತ ಒಳಗೆ ಹೋದಳು. ಶಿವಗಂಗಾ ಎದ್ದು ಬರಲಿಲ್ಲ. ಚಿತ್ರ ಮುಗಿಸಿ, ಅದು ಪೂರ್ತಿ ಒಣಗುವವರೆಗೆ ಅಲ್ಲಿಯೇ ಬಿಸಿಲಿನಲ್ಲಿ ಕೂತಿದ್ದಳು.

ಪ್ರದರ್ಶನದ ದಿನ ಬೆಳಿಗ್ಗೆ ಹಾಲ್‌ನಲ್ಲಿ ಅವಳ ಎರಡೂ ಚಿತ್ರಗಳು ಪಕ್ಕಪಕ್ಕ ಇದ್ದವು. ಎರಡನೆಯದರ ಕೆಳಗಿನ ಚೀಟಿಯಲ್ಲಿ 'ದುರುಗಮ್ಮನ ಗ್ವಾಡಿ' ಎಂದಿತ್ತು. ಇನ್ನೂ ಜನ ಬಂದಿರಲಿಲ್ಲ. ಸೋಮಶೇಖರ್ ಅದರ ಮುಂದೆ ನಿಂತವನು ಅಲುಗಲಿಲ್ಲ. ತಾಯಿ ಅವನಿಗೆ ಎಲ್ಲವನ್ನೂ ಹೇಳಿದ್ದಳು.

"ಮೇಡಂ, ಇದು ಸರಿ ಅಲ್ರಿ. ಮನಿ ಗುರ್ತು ಸಿಗ್ತೈತಿ. ನಮ್ಮವ್ವ ಮೂರು ದಿನದಿಂದ ಊಟ ಸರಿ ಮಾಡವಲ್ಲಳು. ಯಾವ ಕಾಲದ್ದೋ ಮಾತು."

"ನಮ್ಮವ್ವ ಹೋದ ವರ್ಷದ ತನಕ ಬದುಕಿದ್ಲು ಸೋಮಣ್ಣಾರ. ಹಳೇ ಕಾಲ ಅಲ್ಲ ಅದು."

"ನಾನೇನು ಮಾಡಿದ್ನಿ? ನಾ ನಿಮ್ಮನ್ನ ಸನ್ಮಾನ ಮಾಡಬೇಕಂತ ಇದ್ದೆ."

"ನೀವೇನೂ ಮಾಡಿಲ್ಲ. ಕನ್ನಡಿ ಇದ್ದಂಗ ಇತ್ತು ಅಂದ್ರಿ. ಕಲಿ ನಿಮಗ ನೆನಪಿರಲಿಲ್ಲ. ಅದಕ್ಕ ಬರದೀನಿ."

ಅವನು ಮೇಷ್ಟ್ರ ಕಡೆ ತಿರುಗಿದ. ಮೇಷ್ಟ್ರು ಕನ್ನಡಕ ಒರೆಸಿದರು. "ಶಿವಗಂಗಾ, ಹೊಳಿ ಚಿತ್ರ ಇರ್ಲಿ. ಇದನ್ನ ಸದ್ಯಕ್ಕ ತಗೀರಿ. ನಿಮ್ಮ ಮ್ಯಾಲೆ ನನಗ ಬ್ಯಾಸರ ಇಲ್ಲ. ಆದ್ರ ಹಾಲ್ ಅವರದು. ಹತ್ತು ಮಂದಿ ಚಿತ್ರ ಅದಾವು ಇಲ್ಲಿ."

"ಹೊಳಿ ಚೆಂದ ಐತಿ ಅಂತ ಇಟ್ಗೊಂಡು, ಗ್ವಾಡಿ ಬ್ಯಾಡ ಅಂದ್ರ ನಡ್ಯಂಗಿಲ್ಲ ಸಾರ್. ಎರಡೂ ಒಂದ ಕೈಲೆ ಬರದದ್ದು."

ಎರಡು ಚಿತ್ರವನ್ನೂ ತಾನೇ ಇಳಿಸಿದಳು. ಯಾರೂ ತಡೆಯಲಿಲ್ಲ. ಮೆಟ್ಟಿಲಿಳಿದು ಬಂದು, ಎದುರು ರಸ್ತೆಯ ಚಹಾದಂಗಡಿಯವನಿಗೆ ಒಂದು ಕುರ್ಚಿ ಕೇಳಿದಳು. ಬೇವಿನ ಮರದ ಕೆಳಗೆ ಕುರ್ಚಿ ಇಟ್ಟು, ಅದರ ಮೇಲೆ 'ದುರುಗಮ್ಮನ ಗ್ವಾಡಿ'ಯನ್ನು ನಿಲ್ಲಿಸಿ, ಹೊಳೆಯ ಚಿತ್ರವನ್ನು ಮರದ ಬುಡಕ್ಕೆ ಒರಗಿಸಿ, ಪಕ್ಕದಲ್ಲಿ ನಿಂತಳು. ಹಾಲ್‌ಗೆ ಹೋಗುವವರೆಲ್ಲ ಅಲ್ಲಿಂದಲೇ ದಾಟಬೇಕಿತ್ತು.

ಗೀತಮ್ಮ ಪ್ರದರ್ಶನ ನೋಡಲೆಂದು ಬಂದವಳು ಇದನ್ನು ಕಂಡು ಕ್ರಾಂತಿಗೆ ಫೋನ್ ಮಾಡಿದಳು. ಒಂದೂವರೆ ತಾಸಿನಲ್ಲಿ ಅವನು ಬೈಕಿನಲ್ಲಿ ಬಂದಿಳಿದ. ಮುಖ ಕೆಂಪಾಗಿತ್ತು.

"ಯಾರು ಹೊರಗ ಹಾಕಿದ್ರು? ನಡಿ ಮ್ಯಾಲೆ. ಸಂಘಟನಿಯವರಿಗೆ ಫೋನ್ ಹಚ್ಚೀನಿ, ಬರ್ತಾರ."

"ಯಾರೂ ಹೊರಗ ಹಾಕಿಲ್ಲ. ನಾನ ಹೊರಗ ತಂದೀನಿ. ಮೊದ್ಲು ಚಿತ್ರ ನೋಡು."

ಕ್ರಾಂತಿ ನೋಡಿದ. ಅವನು ಐದನೇ ತರಗತಿಯಿಂದ ಹಾಸ್ಟೆಲಿನಲ್ಲಿ ಬೆಳೆದವನು. ನೀರು ಚಿಮುಕಿಸಿದ್ದನ್ನು ಅವನು ಕಂಡಿರಲಿಲ್ಲ, ಅವ್ವ ಹೇಳಿರಲೂ ಇಲ್ಲ. ಅಕ್ಕ ಚಿತ್ರದೊಳಗಿನ ರಸ್ತೆಯ ತಿರುವನ್ನು ತೋರಿಸಿ, "ಅವ್ವ ಇಲ್ಲಿ ನಿಂತು ನೋಡ್ತಿದ್ಲು," ಎಂದು ಎಲ್ಲವನ್ನೂ ಹೇಳಿದಳು. ಅವನು ಕೇಳಿದ, ಮತ್ತೆ ನೋಡಿದ. ಫೋನನ್ನು ಜೇಬಿಗೆ ಹಾಕಿದ.

"ಅವ್ವ ನನ್ನ ಮುಂದ ಒಂದ ದಿನ ಹೇಳಲಿಲ್ಲ."

"ನೀ ಸಿಟ್ಟಿನವ ಅಂತ ಹೇಳಿಲ್ಲ."

"ಈ ಮಣ್ಣು... ಖರೇ ಮಣ್ಣೇನು?"

"ಖರೇ ಮಣ್ಣು. ಗ್ವಾಡಿಗೆ ಮೆತ್ತಿ ಉಳಿದಿದ್ದು."

ಅವನು ಚಿತ್ರಕ್ಕೆ ಬಗ್ಗಿ ನೋಡಿ, "ಆದ್ರೂ ಸಗಣಿ ಮಾತ್ರ ನಾ ಮುಟ್ಟಂಗಿಲ್ಲ," ಅಂದ.

"ಮುಟ್ಟಬ್ಯಾಡ. ಯಾರು ಬಾ ಅಂದ್ರು ನಿನಗ? ಸುಮ್ನ ಇಲ್ಲಿ ನಿಂದ್ರು."

ಅವನು ನಿಂತ. ಮಧ್ಯಾಹ್ನದ ಹೊತ್ತಿಗೆ ಮರದ ಕೆಳಗೆ ಜನ ಜಾಸ್ತಿಯಾದರು. ಸೊಪ್ಪು ಮಾರಿ ಮುಗಿಸಿ ಹೊರಟಿದ್ದ ಚೌಡಕ್ಕ ಎಂಬ ಹೆಂಗಸು ಬುಟ್ಟಿ ಇಳಿಸಿ ನೋಡಿ, ಶಿವಗಂಗಾಳನ್ನು ಏನೂ ಕೇಳದೆ, "ನಮ್ಮತ್ತಿ ಮೆತ್ತಿದ ಅಂಗಳಕ್ಕೂ ಹಿಂಗ ನೀರು ಹಾಕ್ತಿದ್ರು," ಎಂದು ಪಕ್ಕದವರಿಗೆ ಹೇಳಿದಳು. ಇನ್ನೊಬ್ಬ, "ಇಂಥವೆಲ್ಲ ಈಗ ಯಾಕ ಕೆದಕಬೇಕು," ಎಂದು ಗೊಣಗಿದ. ಚೌಡಕ್ಕ ಅವನ ಕಡೆ ತಿರುಗಿ, "ನಿನಗೆಲ್ಲಿ ನೋಯಾಕತ್ತೈತಿ?" ಎಂದಳು. ಅವನು ಹೊರಟುಹೋದ.

ಎರಡು ಗಂಟೆಗೆ ಗವಿಸಿದ್ದೇಶ್ ಮೇಷ್ಟ್ರು ಹಾಲ್‌ನಿಂದ ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಮೆಟ್ಟಿಲಿಳಿದು ಬಂದರು. ಮರದ ಕೆಳಗೆ ಅದನ್ನು ಹಾಕಿ ಕೂತರು. "ಮ್ಯಾಲೆ ಬಂದವರೆಲ್ಲ ಕೆಳಗಿನ ಚಿತ್ರ ಯಾರದು ಅಂತ ಕೇಳಾಕತ್ತಾರ. ಉತ್ತರ ಹೇಳಾಕ ನಾನೂ ಕೆಳಗ ಇರೋದು ಚಲೋ." ಶಿವಗಂಗಾಳ ಕಡೆ ತಿರುಗಿ, "ಅವತ್ತು ಕಲಿ ನೋಡಿ ಕೆಟ್ಟಿತು ಅಂದಿದ್ನಿ. ತಪ್ಪು ನಂದು," ಅಂದರು.

ಸೋಮಶೇಖರ್ ಬಂದದ್ದು ಎಲ್ಲರಿಗಿಂತ ಕೊನೆಗೆ. ದನಿ ತಗ್ಗಿಸಿ, "ಇದನ್ನ ನನಗ ಕೊಡ್ರಿ. ಏನು ಅಂತೀರೋ ಅದನ್ನ ಕೊಟ್ಟು ತಗೊಂತೀನಿ," ಎಂದು ಕೇಳಿದ.

"ತಗೊಂಡು ಎಲ್ಲಿ ಹಾಕ್ತೀರಿ? ಹೊಸ ಮನಿ ಪಡಸಾಲ್ಯಾಗ ಹಾಕ್ತೀರೇನು?"

ಅವನು ಚಿತ್ರದಿಂದ ಕಣ್ಣು ತೆಗೆದು ತನ್ನ ಅಂಗಡಿಯ ಕಡೆ ನೋಡಿದ.

"ಹಂಗಾದ್ರ ಮಾರಂಗಿಲ್ಲ. ಪಡಸಾಲ್ಯಾಗ ಹಾಕೋ ಧೈರ್ಯ ಬಂದ ದಿನ ಬರ್ರಿ, ನಿಮ್ಮವ್ವನ್ನೂ ಕರಕೊಂಡು ಬರ್ರಿ. ಅವತ್ತು ಸುಮ್ನ ಕೊಡ್ತೀನಿ."

ಸೋಮಶೇಖರ್ ತಲೆಯಾಡಿಸಿದ. ಅದು ಆಗಲಿ ಎಂಬ ಹಾಗಿತ್ತೋ, ಆಗದು ಎಂಬ ಹಾಗಿತ್ತೋ ಗೊತ್ತಾಗಲಿಲ್ಲ. ರಸ್ತೆ ದಾಟಿ ತನ್ನ ಅಂಗಡಿಯೊಳಗೆ ಹೋದ.

ಬಿಸಿಲು ಇಳಿಯುವಾಗ ಮಾರೆಮ್ಮ ಬುತ್ತಿ ಗಂಟು ಹಿಡಿದು ಬಸ್ಸಿನಿಂದ ಇಳಿದಳು. ಮಕ್ಕಳಿಬ್ಬರೂ ಊಟ ಮಾಡಿಲ್ಲವೆಂದು ಗೀತಮ್ಮ ಅವಳಿಗೂ ಸುದ್ದಿ ಮುಟ್ಟಿಸಿದ್ದಳು. ಚಿತ್ರವನ್ನು ಅವಳು ನೋಡುತ್ತಿದ್ದದ್ದು ಅದೇ ಮೊದಲು. ಜನರನ್ನು ಸರಿಸಿ ಮುಂದೆ ಬಂದು, ಹುಬ್ಬಿನ ಮೇಲೆ ಕೈ ಇಟ್ಟು, ಮೂಲೆಯಿಂದ ಮೂಲೆಗೆ ನಿಧಾನ ನೋಡಿದಳು. ಕಣ್ಣೀರು ಹಾಕುತ್ತಾಳೆಂದು ಕ್ರಾಂತಿ ಅವಳ ಭುಜ ಹಿಡಿದುಕೊಂಡ.

"ಎಡಗಡಿ ಮೂಲಿ ಸರಿ ಬಂದಿಲ್ಲ," ಅಂದಳು ಮಾರೆಮ್ಮ. "ಅಲ್ಲಿ ಮಣ್ಣು ದಪ್ಪ ಕುಂತೈತಿ. ಅಕ್ಕ ಇದ್ದಿದ್ರ ಕಿತ್ತು ಹಾಕಿ ಮತ್ತ ಮೆತ್ತಿಸ್ತಿದ್ಲು."

ಮೇಷ್ಟ್ರು ಕುರ್ಚಿಯಿಂದ ಮುಂದೆ ಬಗ್ಗಿ ನೋಡಿ, "ಹೌದಲ್ಲ, ಖರೇನ," ಅಂದರು. ಶಿವಗಂಗಾಗೆ ಬೆಳಗಿನಿಂದ ಮೊದಲ ಸಲ ನಗು ಬಂತು.

"ಹಂಗಾದ್ರ ಇನ್ನೊಂದು ಬರೀತೀನಿ ಸಣ್ಣವ್ವ," ಎಂದು ಅವಳು ಬುತ್ತಿಯ ಗಂಟು ಬಿಚ್ಚಿದಳು. "ಬರ್ರಿ, ಎಲ್ಲಾರೂ ಉಣ್ಣೋಣು."